ಚಿತ್ತವಿಕಾರವೂ ಚಿತ್ರಕಲೆಯೂ

ಚಿತ್ತವಿಕಾರವುಳ್ಳವರನ್ನು ಕೂಡಿಹಾಕಿ ಕಾಯುವುದೇ ಚಿಕಿತ್ಸೆಯೆಂದು ಲೋಕವು ಬಹುಕಾಲ ನಂಬಿದ್ದಿತು. ಆ ನಂಬುಗೆಯನ್ನು ಕದಲಿಸಿದವರಲ್ಲಿ ಬ್ರೆಜಿಲ್ ದೇಶದ ವೈದ್ಯೆ ನೀಸೆ ಡ ಸಿಲ್ವೇರಾ ಅವರ ಹೆಸರು ನಮ್ಮಲ್ಲಿ ಅಷ್ಟಾಗಿ ಕೇಳಿಬಂದಿಲ್ಲ.

1905ರಲ್ಲಿ ಜನಿಸಿದ ಇವರು 1926ರಲ್ಲಿ ಬಾಹಿಯಾದ ವೈದ್ಯಶಾಲೆಯಿಂದ ತೇರ್ಗಡೆಯಾದರು. ಆ ತರಗತಿಯಲ್ಲಿ ಇವರೊಬ್ಬರೇ ಸ್ತ್ರೀ. 1936ರಲ್ಲಿ ಸಮತಾವಾದದ ಗ್ರಂಥಗಳನ್ನಿಟ್ಟುಕೊಂಡಿದ್ದರೆಂಬ ದೂರಿನಿಂದ ಸೆರೆಮನೆಯನ್ನೂ ಕಂಡರು. 1944ರಲ್ಲಿ ಪುನಃ ಉದ್ಯೋಗ ದೊರೆತು ರಿಯೋ ನಗರದ ಎಂಜೆನ್ಯೊ ದೆ ದೆಂತ್ರೊ ಎಂಬಲ್ಲಿಯ ಮಾನಸಿಕ ರುಗ್ಣಾಲಯಕ್ಕೆ ಬಂದಾಗ, ಅಲ್ಲಿ ವಿದ್ಯುದಾಘಾತವೂ ಮಿದುಳಿನ ಶಸ್ತ್ರಕ್ರಿಯೆಯೂ ಹೊಸ ವಿದ್ಯೆಗಳೆನಿಸಿ ಮೆರೆಯುತ್ತಿದ್ದವು. (ಅರಿವಳಿಕೆ ಕೊಟ್ಟು ನಡೆಸುವ ಇಂದಿನ ವಿದ್ಯುಚ್ಚಿಕಿತ್ಸೆ ಬೇರೆಯೇ ಆದುದು.) ಗುಂಡಿಯನ್ನೊತ್ತಲು ಹೇಳಿದಾಗ ಇವರು ಒಲ್ಲೆನೆಂದರು. ಒಲ್ಲೆನೆಂದವರಿಗೆ ಉಳಿದುದು ಯಾರೂ ಬಯಸದ ಕಸುಬುಚಿಕಿತ್ಸೆಯ ವಿಭಾಗವೊಂದೇ. ರೋಗಿಗಳಿಂದ ಕಸ ಗುಡಿಸಿಸುವುದೇ ಅಲ್ಲಿಯ ಕಸುಬು!

1946ರಲ್ಲಿ ಅಲ್ಮೀರ್ ಮವಿನ್ಯೇರ್ ಎಂಬ ತರುಣ ಚಿತ್ರಕಾರರ ನೆರವಿನಿಂದ ಅಲ್ಲೊಂದು ಚಿತ್ರಶಾಲೆ ತೆರೆಯಿತು. ಬಣ್ಣ, ಕುಂಚ, ಕಾಗದಗಳನ್ನು ಕೊಡುವುದು, ಕಲಿಸುವುದಿಲ್ಲ, ತಿದ್ದುವುದಿಲ್ಲ. ಎಮಿಗ್ಡಿಯೊ ದೆ ಬಾರೊಸ್ ಎಂಬಾತನು ನೌಕಾಪಡೆಯ ಯಂತ್ರಕಾರನಾಗಿದ್ದು, ಇಪ್ಪತ್ತಕ್ಕೂ ಹೆಚ್ಚು ವರ್ಷ ರುಗ್ಣಾಲಯದಲ್ಲಿ ಕಳೆದಿದ್ದವನು. ಆತನು 1947ರಲ್ಲಿ ಕುಂಚ ಹಿಡಿದನು. ಎರಡೇ ವರ್ಷಗಳಲ್ಲಿ, 1949ರಲ್ಲಿ, ಆತನ ಚಿತ್ರಗಳು ಸಂಗಡಿಗರ ಚಿತ್ರಗಳೊಡನೆ ಸಾವೊ ಪಾವ್ಲೊ ನಗರದ ಆಧುನಿಕ ಕಲಾಶಾಲೆಯಲ್ಲಿ ಪ್ರದರ್ಶಿತವಾದವು. ಇದು ಕಲೆಯೋ, ಬರಿಯ ರೋಗಲಕ್ಷಣವೋ ಎಂದು ವಿಮರ್ಶಕರು ಜಗಳವಾಡಿದರು. ವೈದ್ಯೆಗೆ ಆ ಜಗಳ ಮುಖ್ಯವಲ್ಲ. ಮಾತು ಕಳೆದುಕೊಂಡವನು ತನ್ನ ಅಳಲಿಗೆ ಆಕಾರ ಕೊಡಬಲ್ಲನಾದರೆ ಆ ಅಳಲಿನ ಹಿಡಿತ ಸಡಿಲುವುದೆಂಬುದೇ ಅವರ ತಿಳಿವು.

ಅವರನ್ನು ಬೆರಗುಗೊಳಿಸಿದ ಸಂಗತಿ ಮತ್ತೊಂದು. ಮನಸ್ಸು ಒಡೆದುಹೋಗಿದೆಯೆಂದು ಶಾಸ್ತ್ರವು ಯಾರನ್ನು ಕುರಿತು ಹೇಳುತ್ತಿತ್ತೋ ಅವರೇ ದುಂಡನೆಯ, ಕೇಂದ್ರವುಳ್ಳ, ಅಖಂಡವಾದ ಆಕೃತಿಗಳನ್ನು ಮತ್ತೆ ಮತ್ತೆ ಬರೆಯುತ್ತಿದ್ದರು. ಇದೇಕೆಂದು 1954ರಲ್ಲಿ ಸ್ವಿಟ್ಜರ್ಲೆಂಡಿನ ಕಾರ್ಲ್ ಯುಂಗ್ ಅವರಿಗೆ ಬರೆದು ಕೇಳಿದರು. ಅವು ಮಂಡಲಗಳೇ ಎಂದು ಉತ್ತರ ಬಂದಿತು. ನಮ್ಮ ಸಂಸ್ಕೃತದ ಪದವೇ. ಒಡೆದ ಮನಸ್ಸು ತನ್ನನ್ನು ತಾನೇ ಕೂಡಿಸಿಕೊಳ್ಳಲು ನಡೆಸುವ ಯತ್ನವು ಅವುಗಳಲ್ಲಿ ಕಾಣುವುದೆಂದು ಯುಂಗ್ ಅವರ ಮತ. 1957ರಲ್ಲಿ ಜೂರಿಕ್ ನಗರದ ಮಾನಸಿಕ ವೈದ್ಯರ ಸಮ್ಮೇಳನದಲ್ಲಿ ಈ ಚಿತ್ರಗಳ ಪ್ರದರ್ಶನವನ್ನು ಅವರೇ ಉದ್ಘಾಟಿಸಿದರು.

ಕುಂಚ ಹಿಡಿದವರೆಲ್ಲರೂ ಗುಣಹೊಂದಿದರೆಂದರೆ ಉತ್ಪ್ರೇಕ್ಷೆಯಾದೀತು. ಹಲವರು ಅಲ್ಲಿಯೇ ಮುಪ್ಪಾದರು. ಅವರ ಚಿತ್ರಗಳಿಗಾಗಿ 1952ರಲ್ಲಿ ಸ್ಥಾಪಿತವಾದ ಸಂಗ್ರಹಾಲಯದಲ್ಲಿ ಮೂರು ಲಕ್ಷಕ್ಕೂ ಮೇಲ್ಪಟ್ಟು ಕೃತಿಗಳು ಕೂಡಿಬಂದವು. ಬಿಡುಗಡೆಯಾದವರು ಪುನಃ ಪುನಃ ರುಗ್ಣಾಲಯಕ್ಕೆ ಮರಳುವುದನ್ನು ಕಂಡು, 1956ರಲ್ಲಿ ‘ತಾಳೆಮರಗಳ ಮನೆ’ ಎಂಬುದನ್ನು ಈ ವೈದ್ಯೆ ತೆರೆದರು. ಹಗಲು ಬಂದು ಬಣ್ಣದಲ್ಲಿಯೋ ಜೇಡಿಮಣ್ಣಿನಲ್ಲಿಯೋ ಕೈಯಾಡಿಸಿ ಸಂಜೆ ಮನೆಗೆ ಹೋಗಬಹುದಾಗಿದ್ದ ಆ ಮನೆಯಲ್ಲಿ ಬಾಗಿಲು ಕಿಟಕಿಗಳನ್ನು ತೆರೆದಿಡುವುದೇ ನಿಯಮವಾಗಿತ್ತು.