ಘಟ್ಟ ಹತ್ತದೆ ದೊರೆಯಬೇಕಾದ ಆಸರೆ

ಕುಮಟಾ, ಹೊನ್ನಾವರ, ಭಟ್ಕಳಗಳ ಕಾಲೇಜುಗಳ ಇತಿಹಾಸ ಹೇಳುವವರು ಸಾಮಾನ್ಯವಾಗಿ ಕಟ್ಟಡ, ದಾನಿಗಳು, ಪರೀಕ್ಷೆಯ ಫಲಿತಾಂಶ ಇಷ್ಟನ್ನು ಹೇಳಿ ಮುಗಿಸುವುದು ವಾಡಿಕೆ. ಅಲ್ಲಿ ಕಲಿತವರ ಮನಸ್ಸಿಗೆ ಯಾವ ಆಸರೆ ಇತ್ತು ಎಂಬುದು ಅದರಲ್ಲಿ ಬರುವುದಿಲ್ಲ. 2022ನೆಯ ಒಂದೇ ವರ್ಷದಲ್ಲಿ ನಮ್ಮ ದೇಶದ 13,044 ಮಂದಿ ವಿದ್ಯಾರ್ಥಿಗಳು ತಮ್ಮ ಜೀವವನ್ನು ತಾವೇ ಕಳೆದುಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದ ವರದಿ ಹೇಳುತ್ತದೆ. ಹೀಗಿರಲು, ಆ ಬಿಟ್ಟುಹೋದ ಅಧ್ಯಾಯವನ್ನು ಓದುವುದು ಅವಶ್ಯವಾಗಿದೆ.

1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತು. ಅಲ್ಲಿಂದ ಬಹುಕಾಲ ನಮ್ಮ ಹುಡುಗರಿಗೆ ಪದವಿ ಎಂದರೆ ಮುಂಬಯಿ ಅಥವಾ ಪುಣೆ. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದ ಮೇಲೆ ದೂರ ಕಡಿಮೆಯಾಯಿತಾದರೂ ಘಟ್ಟ ಹತ್ತುವುದು ತಪ್ಪಲಿಲ್ಲ. ಬಡ ಹುಡುಗರು ವಾರಾನ್ನ ಉಂಡು ಓದಿದರು. ಅದರಲ್ಲಿ ಕಷ್ಟವಿತ್ತು, ಅವಮಾನವೂ ಇದ್ದೀತು. ಆದರೂ ಹುಡುಗನ ಮುಖ ಬಾಡಿದ್ದರೆ ‘ಯಾಕೋ ತಮ್ಮಾ?’ ಎಂದು ಕೇಳುವ ತಾಯಿ ಯಾವುದಾದರೂ ಒಂದು ಮನೆಯಲ್ಲಿ ಸಿಗುತ್ತಿದ್ದಳು.

ಕ್ರಮೇಣ ಕಾಲೇಜೇ ಕರಾವಳಿಗೆ ಬಂತು. ಭಟ್ಕಳದಲ್ಲಿ 1919ರಲ್ಲಿ ಸ್ಥಾಪನೆಗೊಂಡ ಅಂಜುಮನ್ ಸಂಸ್ಥೆ ಶಾಲೆಯಿಂದ ಆರಂಭಿಸಿ ಮುಂದೆ ಪದವಿ, ಇಂಜಿನಿಯರಿಂಗ್ ಕಾಲೇಜುಗಳವರೆಗೂ ಬೆಳೆಯಿತು. ಕುಮಟೆಯಲ್ಲಿ 1949ರಲ್ಲಿ ಹುಟ್ಟಿದ ಕೆನರಾ ಕಾಲೇಜು ಇಂದು ಮುಂಬಯಿಯ ಪ್ರಸಿದ್ಧ ಶಸ್ತ್ರವೈದ್ಯ ಡಾ. ಎ. ವಿ. ಬಾಳಿಗಾ ಅವರ ಹೆಸರನ್ನು ಹೊತ್ತಿದೆ. ಹೊನ್ನಾವರಕ್ಕೆ 1964ರಲ್ಲಿ ಎಸ್.ಡಿ.ಎಂ. ಕಾಲೇಜು ಬಂತು. ಬೆಳಗಿನ ಬಸ್ಸು ಹಿಡಿದು ಹೋಗಿ ಸಂಜೆ ಮನೆ ಸೇರುವಷ್ಟು ಹತ್ತಿರಕ್ಕೆ ಪದವಿ ಬಂದುದು ಸಣ್ಣ ಮಾತಲ್ಲ.

ಮನಸ್ಸಿನ ಚಿಕಿತ್ಸೆ ಮಾತ್ರ ಇಷ್ಟು ಬೇಗ ಘಟ್ಟ ಇಳಿಯಲಿಲ್ಲ. ಧಾರವಾಡದಲ್ಲಿ 1845ರಲ್ಲಿ, ಬೆಂಗಳೂರಿನಲ್ಲಿ 1847ರಲ್ಲಿ ಆರಂಭವಾದವು ‘ಹುಚ್ಚರ ಆಸ್ಪತ್ರೆ’ಗಳು. ಆರೈಕೆಗಿಂತ ಕೂಡಿಹಾಕುವುದೇ ಆ ಕಾಲದ ಪದ್ಧತಿಯಾಗಿತ್ತು. ಆ ಹೆಸರಿನ ಅಂಜಿಕೆ ಇಂದಿಗೂ ನಮ್ಮ ಮನೆಗಳನ್ನು ಬಿಟ್ಟಿಲ್ಲ. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು; 1974ರಲ್ಲಿ ಅದು ಮಾನಸಿಕ ಆಸ್ಪತ್ರೆಯೊಡನೆ ಕೂಡಿ ನಿಮ್ಹಾನ್ಸ್ ಆಯಿತು.

ಮನಸ್ಸಿನ ಶಾಸ್ತ್ರ ನಮ್ಮ ನಾಡಿಗೆ ಹೊಸದೇನೂ ಆಗಿರಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲೇ ಮನಶ್ಶಾಸ್ತ್ರ ವಿಭಾಗವಿತ್ತು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಅಲ್ಲಿಯ ಮನಶ್ಶಾಸ್ತ್ರದ ಪ್ರಾಧ್ಯಾಪಕರೇ. ಹೀಗೆ ಮನಸ್ಸು ಪಾಠದ ವಿಷಯವಾಯಿತು, ಪರೀಕ್ಷೆಯ ವಿಷಯವೂ ಆಯಿತು; ಪಾಠ ಕೇಳುವ ಹುಡುಗನ ಮನಸ್ಸು ಹೇಗಿದೆಯೆಂದು ಕೇಳುವುದು ಮಾತ್ರ ಯಾರ ಕೆಲಸವೂ ಆಗಲಿಲ್ಲ.

ಕಾನೂನೂ ಬಹುಕಾಲ ಕಠಿಣವಾಗಿಯೇ ಇತ್ತು. ಬದುಕು ಬೇಡವೆಂದು ಹೊರಟು ಉಳಿದುಕೊಂಡವನಿಗೆ 1860ರ ದಂಡಸಂಹಿತೆಯ 309ನೆಯ ಕಲಮು ಒಂದು ವರ್ಷದವರೆಗಿನ ಸೆರೆವಾಸ ವಿಧಿಸಬಹುದಾಗಿತ್ತು. ಪೋಲೀಸರ ಭಯದಿಂದ ಮನೆಯವರು ವಿಷಯ ಮುಚ್ಚಿಟ್ಟರೆ ಚಿಕಿತ್ಸೆಯೂ ತಪ್ಪಿದಂತೆಯೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ 2018ರ ಮೇ ತಿಂಗಳಲ್ಲಿ ಜಾರಿಗೆ ಬಂದು, ಅಂಥವನು ತೀವ್ರ ಸಂಕಟದಲ್ಲಿದ್ದನೆಂದೇ ಭಾವಿಸತಕ್ಕದ್ದು, ಅವನಿಗೆ ಆರೈಕೆ ನೀಡುವುದು ಸರಕಾರದ ಕರ್ತವ್ಯ ಎಂದು ಸಾರಿತು. 2024ರ ಜುಲೈ 1ರಂದು ಬಂದ ಹೊಸ ಸಂಹಿತೆಯಲ್ಲಿ ಆ ಹಳೆಯ ಕಲಮು ಸೇರಲಿಲ್ಲ.

ದೊಡ್ಡ ಆಸ್ಪತ್ರೆಯಿಂದ ಹಳ್ಳಿಯತ್ತ ಚಿಕಿತ್ಸೆಯನ್ನು ಒಯ್ಯುವ ದಾರಿ ತೋರಿಸಿದ್ದು ಕನ್ನಡ ನಾಡೇ. ನಿಮ್ಹಾನ್ಸ್‌ನ ತಜ್ಞರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟರು. ಆ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. 2022ರ ಅಕ್ಟೋಬರ್ 10ರಂದು ‘ಟೆಲಿ ಮಾನಸ್’ ಸೇವೆ ಆರಂಭವಾಯಿತು. 14416ಕ್ಕೆ ದೂರವಾಣಿ ಮಾಡಿದರೆ ಹಗಲಾಗಲಿ ರಾತ್ರಿಯಾಗಲಿ, ಖರ್ಚಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು. ಪರೀಕ್ಷೆಯ ಭಯವೂ ಕೊಂಚ ತಗ್ಗಿತು: 2024ರಲ್ಲಿ ರಾಜ್ಯದಲ್ಲಿ ಎಸ್.ಎಸ್.ಎಲ್.ಸಿ. ಮತ್ತು ಪಿ.ಯು.ಸಿ. ವಿದ್ಯಾರ್ಥಿಗಳಿಗೆ ವರ್ಷಕ್ಕೆ ಮೂರು ಪರೀಕ್ಷೆಗಳ ಅವಕಾಶ ದೊರೆಯಿತು.

2025ರ ಜುಲೈ 25ರಂದು, ವಿಶಾಖಪಟ್ಟಣದಲ್ಲಿ ತೀರಿಹೋದ ಒಬ್ಬ ವಿದ್ಯಾರ್ಥಿನಿಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಇನ್ನೂ ಮುಂದೆ ಹೋಯಿತು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಸಂಸ್ಥೆಯೂ ಕನಿಷ್ಠ ಒಬ್ಬ ಅರ್ಹ ಆಪ್ತಸಲಹೆಗಾರರನ್ನು ಹೊಂದಿರಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿಯಾಗಬೇಕು. ಸಹಾಯವಾಣಿಯ ಸಂಖ್ಯೆ ಕಣ್ಣಿಗೆ ಬೀಳುವಂತಿರಬೇಕು. ಯಾರನ್ನೂ ಎಲ್ಲರೆದುರು ನಾಚಿಸಬಾರದು ಎಂದು ಆದೇಶಿಸಿತು.

ಆದೇಶವನ್ನು ಗೋಡೆಗೆ ಅಂಟಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ಕಾಲೇಜಿನ ಸಭೆಗೆ ಹೋದ ತಂದೆತಾಯಿಗಳು ಫಲಿತಾಂಶ ಕೇಳುವಂತೆಯೇ ‘ನಿಮ್ಮಲ್ಲಿ ಆಪ್ತಸಲಹೆಗಾರರು ಯಾವ ದಿನ, ಯಾವ ಕೋಣೆಯಲ್ಲಿ ಸಿಗುತ್ತಾರೆ?’ ಎಂದು ಕೇಳಲಿ. ಮನೆಯಲ್ಲಿ ಮಗಳೋ ಮಗನೋ ಊಟ, ನಿದ್ರೆ, ಮಾತು ಬಿಟ್ಟು ಮಂಕಾಗಿದ್ದರೆ ನೇರವಾಗಿ ಕೇಳಲಿ. ‘ಸಾಯುವ ಯೋಚನೆ ಬರುತ್ತದೆಯೇ?’ ಎಂದು ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಎಷ್ಟೋ ಸಲ ಎದೆಯ ಭಾರ ಇಳಿಯುತ್ತದೆ. ಹೌದೆಂದರೆ ಒಬ್ಬರನ್ನೇ ಬಿಡದೆ, ಬೈಯದೆ, ವೈದ್ಯರ ಬಳಿಗೆ ಕರೆದುಕೊಂಡು ಹೋಗಲಿ. ಪದವಿಯನ್ನು ಮನೆಬಾಗಿಲಿಗೆ ತಂದ ಕರಾವಳಿಯ ಜನರಿಗೆ ಇಷ್ಟನ್ನು ತರುವುದು ಅಸಾಧ್ಯವೇನಲ್ಲ.