ಊರು ಅಲ್ಲೇ, ಕೌಂಟಿ ಬೇರೆ

ಕಳೆದ ವರ್ಷ ನಮ್ಮ ಮೊಮ್ಮಗಳಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದ್ದರು. ತಂದೆಯ ಕಡೆಯಿಂದ ಅವಳು ಹರಪನಹಳ್ಳಿ ತಾಲ್ಲೂಕಿನವಳು. ತಾಯಿಯ ಕಡೆಯವರು, ಅಂದರೆ ನಮ್ಮ ಬೀಗರು, ಥೇಮ್ಸ್ ದಂಡೆಯ ಆಬಿಂಗ್ಡನ್ ಪಟ್ಟಣದ ಇಂಗ್ಲಿಷರು. ಬೀಗರ ಕಡೆಯ ಕೊಂಬೆ ಸಲೀಸಾಗಿ ಬೆಳೆಯುತ್ತದೆ, ಈ ದೇಶದಲ್ಲಿ ಎಲ್ಲಕ್ಕೂ ಕಾಗದವಿದೆ, ಕಷ್ಟವೇನಿದ್ದರೂ ನಮ್ಮ ಕಡೆಯದು ಎಂದುಕೊಂಡಿದ್ದೆ. ಆದದ್ದೇ ಬೇರೆ. ನಮ್ಮ ಸಂಘದ ಅನೇಕ ಮನೆಗಳಲ್ಲಿ ಈಗ ಇಂಥ ಎರಡು ಬೇರಿನ ಮಕ್ಕಳಿರುವುದರಿಂದ ಆ ಹುಡುಕಾಟದ ಕಥೆಯನ್ನು ಬಂಧುಗಳ ಮುಂದಿಡುತ್ತಿದ್ದೇನೆ.

ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ ಎಂದಿಟ್ಟುಕೊಳ್ಳಿ. ನಮ್ಮಂಥ ವಲಸೆ ಬಂದವರಿಗೆ ಅದು ವಿಳಾಸದ ಕೊನೆಯ ಸಾಲು, ಅಷ್ಟೇ. ಹ್ಯಾರೋ, ಹೌನ್ಸ್‌ಲೋ ಕಡೆಯ ಗೆಳೆಯರು ಕೆಲವರು ಇವತ್ತಿಗೂ ಮಿಡ್ಲ್‌ಸೆಕ್ಸ್ ಎಂದೇ ಬರೆಯುತ್ತಾರೆ. ಆ ಕೌಂಟಿಯ ಆಡಳಿತ 1965ರಲ್ಲೇ ಮುಗಿದು ಅದರ ಬಹುಭಾಗ ಬೃಹತ್ ಲಂಡನ್ನಿಗೆ ಸೇರಿಹೋಯಿತು. ಟಪಾಲಿನವನಿಗೆ ಅದರಿಂದ ತೊಂದರೆಯಿಲ್ಲ. ಆದರೆ ಮುತ್ತಜ್ಜನನ್ನು ಹುಡುಕಿಕೊಂಡು ಹೊರಟವನಿಗೆ ಕೌಂಟಿಯೇ ಮೊದಲ ಬಾಗಿಲು. ಹಳೆಯ ಚರ್ಚುಗಳ ನಾಮಕರಣ, ಮದುವೆ, ಸಮಾಧಿಗಳ ರಿಜಿಸ್ಟರುಗಳು ಹೆಚ್ಚಾಗಿ ಕೌಂಟಿಯ ದಾಖಲೆ ಕಚೇರಿಯಲ್ಲೇ ಇರುತ್ತವೆ. ಬಾಗಿಲು ತಪ್ಪಿದರೆ ಒಳಗೆ ಎಷ್ಟು ತಡಕಾಡಿದರೂ ಏನೂ ಸಿಗದು.

ನಾವು ತಪ್ಪಿದ್ದು ಅಲ್ಲೇ. ಆಬಿಂಗ್ಡನ್ ಇರುವುದು ಆಕ್ಸ್‌ಫರ್ಡ್‌ಷೈರಿನಲ್ಲಿ ಎಂದು ನಕ್ಷೆ ಹೇಳುತ್ತದೆ, ಬೀಗರೂ ಹಾಗೇ ಹೇಳಿದರು. ಒಂದು ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಮೂವರೂ ಆಕ್ಸ್‌ಫರ್ಡಿನ ಕೌಲಿಗೆ ಹೋದೆವು. ಅಲ್ಲಿ ಹಿಂದೆ ಚರ್ಚಾಗಿದ್ದ ಕಟ್ಟಡದಲ್ಲಿ ಕೌಂಟಿಯ ದಾಖಲೆಗಳಿವೆ. ಮೇಜಿನ ಹಿಂದಿದ್ದ ಹೆಣ್ಣುಮಗಳು ನಕ್ಕು, ಆಬಿಂಗ್ಡನ್ನಿನ ಚರ್ಚಿನ ಪುಸ್ತಕಗಳು ರೆಡಿಂಗ್ ಪಟ್ಟಣದಲ್ಲಿವೆ, ಅಲ್ಲಿಗೆ ಹೋಗಿ ಎಂದಳು. ಏಕೆಂದರೆ 1974ರ ಏಪ್ರಿಲ್ ಒಂದರವರೆಗೆ ಆಬಿಂಗ್ಡನ್ ಬರ್ಕ್‌ಷೈರಿನ ಪಟ್ಟಣ. ಬರಿಯ ಪಟ್ಟಣವಲ್ಲ, ಒಂದು ಕಾಲಕ್ಕೆ ಆ ಕೌಂಟಿಯ ಮುಖ್ಯ ಪಟ್ಟಣವೇ ಅದು. ಪೇಟೆಯ ನಡುವೆ ಹದಿನೇಳನೆಯ ಶತಮಾನದಲ್ಲಿ ಕಟ್ಟಿದ ಭವ್ಯವಾದ ಕೌಂಟಿ ಹಾಲ್ ಇನ್ನೂ ನಿಂತಿದೆ. ಬರ್ಕ್‌ಷೈರಿನ ಕೌಂಟಿ ಹಾಲ್, ನಿಂತಿರುವುದು ಆಕ್ಸ್‌ಫರ್ಡ್‌ಷೈರಿನಲ್ಲಿ!

1972ರ ಕಾಯಿದೆಯೊಂದು 1974ರ ಆ ದಿನ ಜಾರಿಗೆ ಬಂತು. (ಏಪ್ರಿಲ್ ಒಂದನೇ ತಾರೀಖನ್ನೇ ಯಾಕೆ ಆರಿಸಿಕೊಂಡರೋ!) ಆಬಿಂಗ್ಡನ್, ವಾಂಟೇಜ್, ವಾಲಿಂಗ್‌ಫರ್ಡ್, ಡಿಡ್‌ಕಟ್ ಆಕ್ಸ್‌ಫರ್ಡ್‌ಷೈರಿಗೆ ಹೋದವು. ನಮ್ಮವರು ಹಲವರು ಮನೆ ಮಾಡಿರುವ ಸ್ಲೌ ಬಕಿಂಗ್‌ಹ್ಯಾಮ್‌ಷೈರನ್ನು ಬಿಟ್ಟು ಬರ್ಕ್‌ಷೈರಿಗೆ ಬಂತು. ಪುಟ್ಟ ರಟ್‌ಲಂಡ್ ಲೆಸ್ಟರ್‌ಷೈರಿನಲ್ಲಿ ಮುಳುಗಿ 1997ರಲ್ಲಿ ಮತ್ತೆ ಮೇಲೆದ್ದಿತು. ಬ್ರಿಸ್ಟಲ್ ಸುತ್ತ ಏವನ್ ಎಂಬ ಹೊಸ ಕೌಂಟಿ ಹುಟ್ಟಿ, ಇಪ್ಪತ್ತೆರಡು ವರ್ಷಕ್ಕೇ, 1996ರಲ್ಲಿ ಕಣ್ಣು ಮುಚ್ಚಿತು. ಬರ್ಕ್‌ಷೈರಿನ ಕೌಂಟಿ ಕೌನ್ಸಿಲ್ ಕೂಡ 1998ರಲ್ಲಿ ಇಲ್ಲವಾಯಿತು. ರೆಡಿಂಗಿನ ದಾಖಲೆ ಕಚೇರಿ ಮಾತ್ರ ಉಳಿಯಿತು. ಗಡಿ ಸರಿದಾಗ ಹಳೆಯ ಪುಸ್ತಕಗಳು ಅದರ ಹಿಂದೆಯೇ ಗಾಡಿ ಏರಿ ಹೊರಡುವುದಿಲ್ಲ ಎಂಬುದು ನಾವು ಕಲಿತ ಮೊದಲ ಪಾಠ.

ಎರಡನೆಯದು ಇನ್ನೂ ಸ್ವಾರಸ್ಯದ್ದು. ಬೀಗರ ಮನೆತನದಲ್ಲಿ ಒಂದು ಮಾತು ನಡೆದು ಬಂದಿತ್ತು: ತಮ್ಮ ಮೂಲಪುರುಷ ಎಲ್ಲಿಂದಲೋ ಬಂದ ಪರದೇಶಿ, ಬಹುಶಃ ಐರ್ಲೆಂಡಿನವನು ಎಂದು. ಅದಕ್ಕೆ ಆಧಾರ 1841ರ ಜನಗಣತಿ. ಆ ಗಣತಿಯಲ್ಲಿ ಹುಟ್ಟಿದ ಊರನ್ನು ಕೇಳಲಿಲ್ಲ; 'ಇದೇ ಕೌಂಟಿಯಲ್ಲಿ ಹುಟ್ಟಿದವನೇ' ಎಂದು ಕೇಳಿ ಹೌದು, ಅಲ್ಲ ಎಂದು ಒಂದೊಂದು ಅಕ್ಷರ ಗೀಚಿದರು. ಆಬಿಂಗ್ಡನ್ನಿನಲ್ಲಿದ್ದ ಈ ಮನುಷ್ಯನ ಎದುರು 'ಅಲ್ಲ' ಎಂದಿದೆ. ಹುಟ್ಟೂರನ್ನು ವಿವರವಾಗಿ ಬರೆದುಕೊಂಡದ್ದು 1851ರ ಗಣತಿಯಲ್ಲಿ, ಅಷ್ಟರಲ್ಲಿ ಅವನು ತೀರಿಕೊಂಡಿದ್ದ. ಆ ಒಂದು ಅಕ್ಷರದ ಮೇಲೆ ಐದು ತಲೆಮಾರು ಐರ್ಲೆಂಡಿನ ಕಥೆ ಕಟ್ಟಿಕೊಂಡು ಬಂದಿತ್ತು. ಬೀಗರ ತಂದೆ ಒಮ್ಮೆ ಡಬ್ಲಿನ್ನಿಗೆ ಹೋಗಿ ವಾರಗಟ್ಟಲೆ ಹುಡುಕಿ ಬಂದಿದ್ದರಂತೆ.

ಗುಟ್ಟು ಬಿಚ್ಚಿಕೊಟ್ಟವಳು ಅವನ ಅಕ್ಕ. 1851ರಲ್ಲಿ ಅವನ ವಿಧವೆಯ ಮನೆಯಲ್ಲಿ ಈ ಮುದುಕಿ ಇದ್ದಳು. ಅವಳ ಹುಟ್ಟೂರು ಕಲ್ಹಮ್, ಆಕ್ಸ್‌ಫರ್ಡ್‌ಷೈರ್. ಕಲ್ಹಮ್ ಎಲ್ಲಿದೆ? ಆಬಿಂಗ್ಡನ್ನಿನ ಸೇತುವೆ ದಾಟಿ ನಡೆದೇ ಹೋಗುವಷ್ಟು ದೂರದಲ್ಲಿ! ಆಗ ಆ ಎರಡು ಕೌಂಟಿಗಳ ನಡುವಿನ ಗಡಿ ಥೇಮ್ಸ್ ನದಿ. ಸೇತುವೆಯ ಈಚೆ ಬರ್ಕ್‌ಷೈರ್, ಆಚೆ ಆಕ್ಸ್‌ಫರ್ಡ್‌ಷೈರ್. ಪರದೇಶಿ ಬಂದದ್ದು ಐರ್ಲೆಂಡಿನಿಂದಲ್ಲ, ಹೊಳೆಯಾಚೆಯಿಂದ. ಕೌಲಿಗೆ ಮತ್ತೆ ಹೋಗಿ ಕಲ್ಹಮ್ ಚರ್ಚಿನ ಪುಸ್ತಕ ತೆರೆದರೆ ಅಕ್ಕ ತಮ್ಮ ಇಬ್ಬರ ನಾಮಕರಣವೂ ಸಿಕ್ಕಿತು. ಅವನ ಮದುವೆಯ ದಾಖಲೆ ರೆಡಿಂಗಿನಲ್ಲಿ, ಹುಟ್ಟಿನದು ಆಕ್ಸ್‌ಫರ್ಡಿನಲ್ಲಿ. ಬೀಗರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನನ್ನ ಅಪ್ಪನಿಗೆ ಇದು ಗೊತ್ತಾಗಬೇಕಿತ್ತು" ಎಂದರು.

ಇದರ ಮೇಲೆ ಇನ್ನೂ ಎರಡು ಗೆರೆಗಳಿವೆ. 1837ರ ಜುಲೈಯಲ್ಲಿ ಸರ್ಕಾರಿ ಜನನ ಮರಣ ನೋಂದಣಿ ಶುರುವಾದಾಗ ಅದರ ವಲಯಗಳನ್ನು ಕೌಂಟಿಯ ಗಡಿ ನೋಡಿ ಮಾಡಲಿಲ್ಲ, ಬಡವರ ಪರಿಹಾರಕ್ಕೆಂದು ಆಗಲೇ ಮಾಡಿದ್ದ ಗುಂಪುಗಳನ್ನು ಅನುಸರಿಸಿ ಮಾಡಿದರು. ಹೀಗಾಗಿ ಆಕ್ಸ್‌ಫರ್ಡ್‌ಷೈರಿನ ಕಲ್ಹಮಿನಲ್ಲಿ ಹುಟ್ಟಿದ ಮಗು ಆಬಿಂಗ್ಡನ್ ವಲಯದ ಲೆಕ್ಕಕ್ಕೆ ಸೇರಿತು. ಇನ್ನು ಚರ್ಚಿನ ಗಡಿ ಮತ್ತೊಂದು: 1836ರವರೆಗೆ ಬರ್ಕ್‌ಷೈರ್ ಸಾಲ್ಸ್‌ಬರಿ ಬಿಷಪ್ಪನ ಕೈಕೆಳಗಿತ್ತು. ಆ ಮುಂಚೆ ಬಿಷಪ್ಪನ ಪರವಾನಗಿ ಪಡೆದು ಮದುವೆಯಾದ ಬರ್ಕ್‌ಷೈರಿನವರ ಮುಚ್ಚಳಿಕೆಗಳನ್ನು ನೋಡಲು ವಿಲ್ಟ್‌ಷೈರಿನ ಚಿಪ್ಪನಮಿಗೆ ಹೋಗಬೇಕು.

ಬೀಗರ ಕೊಂಬೆ ಮುಗಿದು ನಮ್ಮದಕ್ಕೆ ಬಂದಾಗ ನನಗೆ ನಗು ಬಂತು. ನಮ್ಮೂರಿನದೂ ಇದೇ ಕಥೆ. 1950ರಲ್ಲಿ ನಾನು ಹುಟ್ಟಿದಾಗ ಹರಪನಹಳ್ಳಿ ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರ ಅಕ್ಟೋಬರ್ ಒಂದರಂದು ಮೈಸೂರಿಗೆ ಸೇರಿತು. 1997ರಲ್ಲಿ ದಾವಣಗೆರೆ ಜಿಲ್ಲೆಯಾಯಿತು, 2018ರಲ್ಲಿ ತಿರುಗಿ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ನನ್ನ ಕಾಗದಗಳಲ್ಲಿ ಬಳ್ಳಾರಿ, ಅದೇ ಮನೆಯಲ್ಲಿ ಹುಟ್ಟಿದ ತಮ್ಮನ ಮೊಮ್ಮಗನದರಲ್ಲಿ ದಾವಣಗೆರೆ. ಮೊಮ್ಮಗಳು, "ತಾತ, ನೀವೆಲ್ಲ ಎಷ್ಟು ಸಲ ಮನೆ ಬದಲಾಯಿಸಿದಿರಿ?" ಎಂದು ಕೇಳಿದಳು. ಒಂದು ಸಲವೂ ಇಲ್ಲ ಮಗು ಎಂದೆ.

ಹಾಗಾಗಿ ಅವಳ ಹಾಳೆಯಲ್ಲಿ ಪ್ರತಿ ಹೆಸರಿನ ಮುಂದೆ ಊರು, ತಾಲ್ಲೂಕು, ಆ ವರ್ಷಕ್ಕೆ ಇದ್ದ ಜಿಲ್ಲೆ, ಈಗಿನ ಜಿಲ್ಲೆ, ಹೀಗೆ ನಾಲ್ಕನ್ನೂ ಬರೆಸಿದೆ. ನೀವೂ ನಿಮ್ಮ ಮಕ್ಕಳ ಕೈಯಲ್ಲಿ ಹಾಗೇ ಬರೆಸಿ. ಮದ್ರಾಸ್ ಕಾಲದ ಬಳ್ಳಾರಿಯ ಹಳೆಯ ದಫ್ತರಗಳು ಚೆನ್ನೈನ ಎಗ್ಮೋರಿನಲ್ಲಿವೆ. ಜಿಲ್ಲೆಯ ಈಗಿನ ಹೆಸರನ್ನು ಹಿಡಿದು ಹೋದವನಿಗೆ ಅಲ್ಲಿ ದಾರಿ ಸಿಗದು.

ಒಂದು ಜಾಗ ಮಾತ್ರ ಖಾಲಿ ಉಳಿದಿದೆ. ನನ್ನ ತಂದೆಯ ತಾಯಿ ತುಂಗಭದ್ರೆಯನ್ನು ಹರಿಗೋಲಿನಲ್ಲಿ ದಾಟಿ ಬಂದ ಸೊಸೆ. ನಮ್ಮ ದಡ ಮದ್ರಾಸ್, ಆಚೆಯದು ಬೊಂಬಾಯಿ ಆಧಿಪತ್ಯದ ಧಾರವಾಡ ಜಿಲ್ಲೆ. ಈಗ ಅದು ಹಾವೇರಿ ಜಿಲ್ಲೆ. ಊರಿನ ಲೆಕ್ಕ ಬರೆಯುವ ಒಂದೇ ಕೆಲಸಕ್ಕೆ ನಮ್ಮಲ್ಲಿ ಕರಣಂ, ಅವರಲ್ಲಿ ಕುಲಕರ್ಣಿ, ಮೈಸೂರಿನಲ್ಲಿ ಶಾನುಭೋಗ ಎಂದು ಹೆಸರು. ಆದ್ದರಿಂದ ಅಡ್ಡಹೆಸರು ಹಿಡಿದು ಹುಡುಕಿದರೂ ಎರಡು ದಡದ ನಂಟು ಕಾಣಿಸದು. ಅಜ್ಜಿ ತವರನ್ನು ಯಾವತ್ತೂ 'ಹೊಳೆಯಾಚೆ' ಎಂದೇ ಕರೆಯುತ್ತಿದ್ದಳು. ಊರಿನ ಹೆಸರನ್ನು ಕೇಳಬೇಕೆಂದು ನಮಗೆ ಯಾರಿಗೂ ಹೊಳೆಯಲಿಲ್ಲ, ಅವಳು 1962ರಲ್ಲಿ ಹೋದಳು. ರಾಣೆಬೆನ್ನೂರು ತಾಲ್ಲೂಕಿನ ಹೊಳೆಸಾಲಿನ ಹಳ್ಳಿಯೊಂದರ ಕುಲಕರ್ಣಿ ಮನೆತನ ಎಂಬುದಷ್ಟೇ ಗೊತ್ತು. ಆ ಕಡೆಯ ಸದಸ್ಯರು ಯಾರಾದರೂ, ಸುಮಾರು 1915ರಲ್ಲಿ ಹರಪನಹಳ್ಳಿ ಕಡೆಗೆ ಹೆಣ್ಣು ಕೊಟ್ಟ ಮಾತನ್ನು ಮನೆಯ ಹಿರಿಯರಿಂದ ಕೇಳಿದ್ದರೆ, ದಯವಿಟ್ಟು ಯುಗಾದಿಯ ಕೂಟದಲ್ಲಿ ನನಗೆ ತಿಳಿಸಿ. ಮೊಮ್ಮಗಳು ಆ ಹಾಳೆಯನ್ನು ಅಲ್ಲಿಗೆ ತರುತ್ತಾಳೆ.