ಬಳಸಿದ ವಾಹನದ ಖಾಸಗಿ ಮಾರಾಟ (ಭಾರತ)

ಬಳಸಿದ ವಾಹನದ ಖಾಸಗಿ ಮಾರಾಟ ಎಂದರೆ ನೋಂದಣಿಯಾಗಿ ಬಳಕೆಯಲ್ಲಿರುವ ವಾಹನವನ್ನು ಅದರ ಮಾಲೀಕರು ವಿತರಕರ ನೆರವಿಲ್ಲದೆ ನೇರವಾಗಿ ಮತ್ತೊಬ್ಬ ವ್ಯಕ್ತಿಗೆ ಮಾರುವುದು. ಆಡುಮಾತಿನಲ್ಲಿ ಇಂತಹ ವಾಹನವನ್ನು ‘ಸೆಕೆಂಡ್ ಹ್ಯಾಂಡ್ ಗಾಡಿ’ ಎನ್ನಲಾಗುತ್ತದೆ. ಹಿಂದೆ ಪರಿಚಯಸ್ಥರು, ಗ್ಯಾರೇಜಿನವರು, ದಲ್ಲಾಳಿಗಳು ಹಾಗೂ ದಿನಪತ್ರಿಕೆಗಳ ವರ್ಗೀಕೃತ ಜಾಹೀರಾತುಗಳ ಮೂಲಕ ನಡೆಯುತ್ತಿದ್ದ ಈ ವ್ಯವಹಾರದ ದೊಡ್ಡ ಪಾಲು ಈಗ ಓಎಲ್‌ಎಕ್ಸ್, ಕ್ವಿಕರ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್ ಮೊದಲಾದ ಜಾಲತಾಣಗಳಲ್ಲಿ ಕುದುರುತ್ತದೆ. ಕೊಳ್ಳುವವರು ಸಂಪೂರ್ಣ ಅಪರಿಚಿತರಾಗಿರುವುದು ಈ ಬಗೆಯ ಮಾರಾಟದ ವೈಶಿಷ್ಟ್ಯ. ಹಣ ಕೈಸೇರಿ, ಕೀಲಿಕೈ ಕೊಟ್ಟ ಮಾತ್ರಕ್ಕೆ ಮಾರಾಟಗಾರರ ಹೊಣೆ ಮುಗಿಯುವುದಿಲ್ಲ. ಸಾರಿಗೆ ಇಲಾಖೆಯ ದಾಖಲೆಯಲ್ಲಿ ಹೆಸರು ಬದಲಾಗುವವರೆಗೂ ಅದು ಮುಂದುವರಿಯುತ್ತದೆ.

ಕಾನೂನಿನ ದೃಷ್ಟಿಯಲ್ಲಿ ಮಾಲೀಕ

ವಾಹನವು ಚರ ಸ್ವತ್ತು. ಆದ್ದರಿಂದ 1930ರ ಸರಕು ಮಾರಾಟ ಕಾಯಿದೆಯ ಪ್ರಕಾರ ಮಾರುವವರು ಮತ್ತು ಕೊಳ್ಳುವವರ ನಡುವಿನ ಮಟ್ಟಿಗೆ ಅದರ ಒಡೆತನವು ನೋಂದಣಿಗೆ ಕಾಯದೆ ಒಪ್ಪಂದ ಮತ್ತು ಹಸ್ತಾಂತರದಿಂದಲೇ ವರ್ಗಾವಣೆಯಾಗಬಹುದು. ಆದರೆ 1988ರ ಮೋಟಾರು ವಾಹನಗಳ ಕಾಯಿದೆಯ 2(30)ನೇ ಕಲಮು ‘ಮಾಲೀಕ’ ಎಂಬ ಪದವನ್ನು ವಾಹನವು ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಆ ವ್ಯಕ್ತಿ ಎಂದು ವ್ಯಾಖ್ಯಾನಿಸುತ್ತದೆ. ಸಾಲದ ಕರಾರಿಗೆ ಒಳಪಟ್ಟ ವಾಹನ ಹಾಗೂ ಅಪ್ರಾಪ್ತ ವಯಸ್ಕರ ಹೆಸರಿನಲ್ಲಿರುವ ವಾಹನಗಳಿಗೆ ಮಾತ್ರ ಇದರಲ್ಲಿ ವಿನಾಯಿತಿ ಇದೆ. ಹೀಗಾಗಿ ಮಾರಿದ ವ್ಯಕ್ತಿ ತನ್ನ ಮಟ್ಟಿಗೆ ಮಾಲೀಕನಲ್ಲದಿದ್ದರೂ ಅಪಘಾತದಲ್ಲಿ ಗಾಯಗೊಂಡವರ ಎದುರು ಮಾಲೀಕನಾಗಿಯೇ ಉಳಿಯುತ್ತಾನೆ.

ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರವರಿ 6ರಂದು ನೀಡಿದ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದ ತೀರ್ಪು ಇದಕ್ಕೆ ಮುಖ್ಯ ನಿದರ್ಶನ. ನೋಂದಾಯಿತ ಮಾಲೀಕರು 2007ರಲ್ಲಿ ಮಾರಿದ್ದ ಕಾರು ಅನಂತರ ಹಲವರ ಕೈ ಬದಲಾಯಿಸಿ, 2009ರ ಮೇ ತಿಂಗಳಿನಲ್ಲಿ ಅಪಘಾತಕ್ಕೀಡಾಯಿತು. ಅಷ್ಟರವರೆಗೂ ನೋಂದಣಿಯಲ್ಲಿದ್ದುದು ಮೊದಲನೆಯವರ ಹೆಸರೇ. ಪಂಜಾಬ್ ಮತ್ತು ಹರಿಯಾಣ ಉಚ್ಚ ನ್ಯಾಯಾಲಯವು ಕೊನೆಯದಾಗಿ ಕಾರನ್ನು ಕೊಂಡವರನ್ನು ಹೊಣೆಗಾರರನ್ನಾಗಿಸಿತ್ತು. ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿ, ಪರಿಹಾರದ ಹೊಣೆ ನೋಂದಾಯಿತ ಮಾಲೀಕರದ್ದೇ ಎಂದು ತೀರ್ಮಾನಿಸಿತು. ದಾಖಲೆಗೆ ಸೇರದ ಮಾರಾಟಗಳ ಸರಣಿಯನ್ನು ಬೆನ್ನಟ್ಟಿ ನಿಜವಾದ ಒಡೆಯನನ್ನು ಹುಡುಕುವ ಭಾರವನ್ನು ಸಂತ್ರಸ್ತರ ಮೇಲೆ ಹೊರಿಸಲಾಗದು ಎಂಬುದು ತೀರ್ಪಿನ ತರ್ಕ.

ಹೊಣೆ ಅಪಘಾತಕ್ಕೆ ಮಾತ್ರ ಸೀಮಿತವಲ್ಲ. ಸಂಚಾರ ಕ್ಯಾಮೆರಾಗಳು ದಾಖಲಿಸುವ ಉಲ್ಲಂಘನೆಗಳ ದಂಡದ ನೋಟಿಸು ಬರುವುದು ನೋಂದಾಯಿತ ವಿಳಾಸಕ್ಕೆ. 2019ರ ತಿದ್ದುಪಡಿಯಿಂದ ಸೇರಿದ 199ಎ ಕಲಮಿನ ಪ್ರಕಾರ ಅಪ್ರಾಪ್ತರು ವಾಹನ ಚಲಾಯಿಸಿ ಅಪರಾಧವೆಸಗಿದರೆ ಅವರ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ವಿಧಿಸಬಹುದು. ತನಗೆ ತಿಳಿಯದೆ ಅದು ನಡೆಯಿತೆಂದು ಸಾಬೀತುಪಡಿಸುವ ಅವಕಾಶವಿದೆ; ಆದರೆ ಮಾರಿದ ದಾಖಲೆಯೇ ಇಲ್ಲದವರಿಗೆ ಅದು ಕಷ್ಟಸಾಧ್ಯ.

ಮಾಲೀಕತ್ವದ ವರ್ಗಾವಣೆ

ಕಾಯಿದೆಯ 50ನೇ ಕಲಮಿನಂತೆ, ಅದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನಗಳಲ್ಲಿಯೂ, ಹೊರರಾಜ್ಯಕ್ಕಾದರೆ 45 ದಿನಗಳಲ್ಲಿಯೂ ನೋಂದಣಿ ಪ್ರಾಧಿಕಾರಕ್ಕೆ ವಿಷಯ ತಿಳಿಸಬೇಕು. ಕೊಂಡವರಿಗೆ 30 ದಿನಗಳ ಗಡುವಿದೆ. 1989ರ ಕೇಂದ್ರ ಮೋಟಾರು ವಾಹನಗಳ ನಿಯಮಗಳಲ್ಲಿನ ನಮೂನೆ 29 ಮಾರಾಟಗಾರರ ಸೂಚನಾಪತ್ರ. ನಮೂನೆ 30 ಹೆಸರು ಬದಲಾವಣೆಯ ಅರ್ಜಿ. ಹೊರರಾಜ್ಯಕ್ಕೆ ಹೋಗುವ ವಾಹನಕ್ಕೆ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ, ಪಡೆಯಬೇಕು. ವಾಹನದ ಮೇಲೆ ಸಾಲವಿದ್ದರೆ ಅದನ್ನು ತೀರಿಸಿ, ಬ್ಯಾಂಕಿನ ಪತ್ರ ಹಾಗೂ ನಮೂನೆ 35ರ ಮೂಲಕ ನೋಂದಣಿ ಪತ್ರದಿಂದ ಸಾಲದ ನಮೂದನ್ನು ತೆಗೆಸುವುದು ಮೊದಲ ಕೆಲಸ. ಅರ್ಜಿಗಳನ್ನು ‘ಪರಿವಾಹನ್’ ಜಾಲತಾಣದಲ್ಲಿ ಭರ್ತಿ ಮಾಡಬಹುದು.

ಕಾನೂನು ಸ್ಪಷ್ಟವಾಗಿದ್ದರೂ ರೂಢಿ ಬೇರೆಯಾಗಿದೆ. ಖಾಲಿ ನಮೂನೆಗಳಿಗೆ ಸಹಿ ಹಾಕಿ, ಕೊಂಡವರು ತಮಗೆ ಅನುಕೂಲವಾದಾಗ ಹೆಸರು ಬದಲಾಯಿಸಿಕೊಳ್ಳಲಿ ಎಂದು ಬಿಡುವ ಪದ್ಧತಿ ದೇಶದಾದ್ಯಂತ ಕಂಡುಬರುತ್ತದೆ. ಮರುಮಾರಾಟದ ಉದ್ದೇಶದಿಂದ ಕೊಳ್ಳುವ ದಲ್ಲಾಳಿಗಳಿಗೆ ಇದು ಲಾಭದಾಯಕ, ಏಕೆಂದರೆ ನಡುವಿನ ನೋಂದಣಿ ಶುಲ್ಕ ಉಳಿಯುತ್ತದೆ ಮತ್ತು ದಾಖಲೆಯಲ್ಲಿ ಮಾಲೀಕರ ಸಂಖ್ಯೆ ಏರುವುದಿಲ್ಲ. ಅದರ ಬೆಲೆ ತೆರುವವರು ಮೊದಲ ಮಾಲೀಕರು. ಕೊಳ್ಳುವವರ ಹೆಸರು, ವಿಳಾಸ, ದಿನಾಂಕಗಳನ್ನು ತುಂಬಿದ ಬಳಿಕವೇ ಸಹಿ ಹಾಕುವುದು ಮತ್ತು ನಮೂನೆ 29ನ್ನು ಮಾರಾಟಗಾರರೇ ಸಲ್ಲಿಸಿ ಸ್ವೀಕೃತಿ ಇಟ್ಟುಕೊಳ್ಳುವುದು ಸುರಕ್ಷಿತ. ವಾಹನದ ಸಂಖ್ಯೆಯನ್ನು ‘ಎಂಪರಿವಾಹನ್’ ಆ್ಯಪ್‌ನಲ್ಲಿ ನಮೂದಿಸಿ ವರ್ಗಾವಣೆ ಆಗಿದೆಯೇ ಎಂದು ಪರಿಶೀಲಿಸಬಹುದು.

ಹಣ ಪಾವತಿ ಮತ್ತು ವಂಚನೆ

ಜಾಹೀರಾತು ಪ್ರಕಟವಾದ ಕೆಲವೇ ನಿಮಿಷಗಳಲ್ಲಿ ಕರೆ ಮಾಡಿ, ವಾಹನವನ್ನು ನೋಡದೆ, ಚೌಕಾಸಿಯನ್ನೂ ಮಾಡದೆ ಕೇಳಿದ ಬೆಲೆಗೆ ಒಪ್ಪುವುದು ವಂಚಕರ ಸಾಮಾನ್ಯ ಲಕ್ಷಣ. ಅವರಲ್ಲಿ ಅನೇಕರು ತಾವು ಸೇನೆಯಲ್ಲಿರುವುದಾಗಿ ಹೇಳಿ, ನಂಬಿಕೆ ಹುಟ್ಟಿಸಲು ಗುರುತಿನ ಚೀಟಿಯ ಚಿತ್ರವನ್ನೂ ಕಳುಹಿಸುತ್ತಾರೆ. ಬಳಿಕ ಮುಂಗಡ ಹಣ ‘ಸ್ವೀಕರಿಸಲು’ ಕ್ಯೂಆರ್ ಸಂಕೇತವೊಂದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತುವಂತೆ ತಿಳಿಸುತ್ತಾರೆ. ಯುಪಿಐ ವ್ಯವಸ್ಥೆಯಲ್ಲಿ ಪಿನ್ ಬೇಕಾಗುವುದು ಹಣ ಕಳುಹಿಸಲು ಮಾತ್ರ, ಪಡೆಯಲು ಅಲ್ಲ. ಆದ್ದರಿಂದ ಪಿನ್ ಒತ್ತಿದೊಡನೆ ಮಾರಾಟಗಾರರ ಖಾತೆಯಿಂದಲೇ ಹಣ ಹೋಗುತ್ತದೆ.

ಕಾರಿನ ಬೆಲೆಯಷ್ಟು ದೊಡ್ಡ ಮೊತ್ತ ಸಾಮಾನ್ಯವಾಗಿ ಎನ್‌ಇಎಫ್‌ಟಿ ಅಥವಾ ಆರ್‌ಟಿಜಿಎಸ್ ಮೂಲಕ ಬರುತ್ತದೆ. ಎನ್‌ಇಎಫ್‌ಟಿ ವರ್ಗಾವಣೆಗಳು ಅರ್ಧ ಗಂಟೆಗೊಮ್ಮೆ ಇತ್ಯರ್ಥವಾಗುವುದರಿಂದ ಕೊಂಚ ತಡವಾದರೆ ಅದು ಮೋಸವೇ ಆಗಬೇಕಿಲ್ಲ. ಆದರೆ ಪಾವತಿಯ ಸ್ಕ್ರೀನ್‌ಶಾಟ್ ಆಗಲಿ, ಬ್ಯಾಂಕಿನ ಸಂದೇಶದಂತೆ ತೋರುವ ಎಸ್‌ಎಂಎಸ್ ಆಗಲಿ ಪುರಾವೆಯಲ್ಲ. ಸ್ವಂತ ಖಾತೆಯ ಶಿಲ್ಕಿನಲ್ಲಿ ಮೊತ್ತ ಕಾಣಬೇಕು. ನಕಲಿ ಡಿಮ್ಯಾಂಡ್ ಡ್ರಾಫ್ಟ್‌ಗಳೂ ಚಲಾವಣೆಗೆ ಬರುವುದುಂಟು. ನಗದು ವ್ಯವಹಾರಕ್ಕೆ ಬೇರೊಂದು ಮಿತಿಯಿದೆ: 2017ರ ಏಪ್ರಿಲ್ 1ರಿಂದ ಒಂದೇ ವ್ಯವಹಾರದಲ್ಲಿ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಇದರ ದಂಡ ಬೀಳುವುದು ಹಣ ಪಡೆದವರಿಗೆ, ಅಂದರೆ ಮಾರಾಟಗಾರರಿಗೆ.

ಹಣ ಕಳೆದುಕೊಂಡವರು ತಡಮಾಡದೆ 1930 ಸಹಾಯವಾಣಿಗೆ ದೂರು ನೀಡಿದರೆ ಅದು ವಂಚಕರ ಖಾತೆಯಲ್ಲಿರುವಾಗಲೇ ತಡೆಹಿಡಿಯುವ ಸಾಧ್ಯತೆ ಇರುತ್ತದೆ.

ಪರೀಕ್ಷಾ ಚಾಲನೆ ಮತ್ತು ಹಸ್ತಾಂತರ

ಓಡಿಸಿ ನೋಡುವ ನೆಪದಲ್ಲಿ ವಾಹನದೊಡನೆ ಪರಾರಿಯಾಗುವ ಪ್ರಕರಣಗಳು ದ್ವಿಚಕ್ರ ವಾಹನಗಳಲ್ಲಿ ಹೆಚ್ಚು. ಮೂಲ ಚಾಲನಾ ಪರವಾನಗಿಯನ್ನು ನೋಡುವುದು, ಹಗಲಿನಲ್ಲಿ ಜನಸಂಚಾರವಿರುವ ಸ್ಥಳದಲ್ಲಿ ಭೇಟಿಯಾಗುವುದು, ಚಾಲನೆಯ ವೇಳೆ ಜೊತೆಗಿರುವುದು ಇದಕ್ಕಿರುವ ಮುನ್ನೆಚ್ಚರಿಕೆಗಳು. ನೋಂದಣಿ ಪತ್ರದ ಚಿತ್ರವನ್ನು ಜಾಹೀರಾತಿನಲ್ಲಿ ಹಾಕದಿರುವುದು ಒಳಿತು. ಅದೇ ಮಾದರಿಯ, ಅದೇ ಬಣ್ಣದ ಕದ್ದ ವಾಹನಕ್ಕೆ ಆ ಸಂಖ್ಯೆಯ ಫಲಕ ಅಳವಡಿಸಲು ಅದು ನೆರವಾಗಬಲ್ಲದು.

ವಾಹನ ಒಪ್ಪಿಸುವಾಗ ಎರಡೂ ಕಡೆಯವರು ಸಹಿ ಮಾಡುವ ಹಸ್ತಾಂತರ ಪತ್ರವನ್ನು ರೂಢಿಯಲ್ಲಿ ‘ಡೆಲಿವರಿ ನೋಟ್’ ಎನ್ನುತ್ತಾರೆ. ವಾಹನ, ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳು, ಬೆಲೆ, ಇಬ್ಬರ ಗುರುತಿನ ವಿವರ, ಸಾಕ್ಷಿಗಳ ಸಹಿಯ ಜೊತೆಗೆ ಒಪ್ಪಿಸಿದ ದಿನಾಂಕ ಮತ್ತು ಗಂಟೆಯನ್ನೂ ಅದರಲ್ಲಿ ಬರೆಯಲಾಗುತ್ತದೆ. ಗಂಟೆಯ ನಮೂದು ಕ್ಷುಲ್ಲಕವೆನಿಸಿದರೂ ಅದೇ ದಿನ ಅಪಘಾತ ಸಂಭವಿಸಿದರೆ ಮುಖ್ಯವಾಗುತ್ತದೆ. ಈ ಪತ್ರವು ನೋಂದಣಿಗೆ ಬದಲಿಯಲ್ಲ. ಪರಿಹಾರ ಕಟ್ಟಬೇಕಾಗಿ ಬಂದ ಮಾರಾಟಗಾರರು ಆ ಮೊತ್ತವನ್ನು ಕೊಂಡವರಿಂದ ವಸೂಲಿ ಮಾಡಲು ಮುಂದಾದಾಗ ಇದು ಆಧಾರವಾಗುತ್ತದೆ.

ವಿಮೆ ಮತ್ತು ಫಾಸ್ಟ್ಯಾಗ್

ಮಾರಾಟದೊಂದಿಗೆ ಮೂರನೆಯ ವ್ಯಕ್ತಿಗಳಿಗೆ ಸಂಬಂಧಿಸಿದ ವಿಮೆ ಕೊಂಡವರಿಗೆ ವರ್ಗಾವಣೆಯಾದಂತೆ ಕಾನೂನು ಪರಿಗಣಿಸುತ್ತದೆ. ಅವರು 14 ದಿನಗಳಲ್ಲಿ ವಿಮಾ ಸಂಸ್ಥೆಗೆ ಅರ್ಜಿ ಸಲ್ಲಿಸಬೇಕು. ವಾಹನಕ್ಕೇ ಆಗುವ ಹಾನಿಯ ವಿಮೆಗೆ ಈ ನಿಯಮ ಅನ್ವಯಿಸುವುದಿಲ್ಲ. ಪರಿಹಾರ ಕೇಳದ ವರ್ಷಗಳಿಗೆ ದೊರೆಯುವ ರಿಯಾಯಿತಿ, ಅಂದರೆ ‘ನೋ ಕ್ಲೇಮ್ ಬೋನಸ್’, ವಾಹನಕ್ಕಲ್ಲ, ವ್ಯಕ್ತಿಗೆ ಸೇರಿದ್ದು. ಮಾರಾಟಗಾರರು ಅದರ ಪ್ರಮಾಣಪತ್ರ ಪಡೆದು ಮುಂದಿನ ವಾಹನಕ್ಕೆ ಬಳಸಬಹುದು. ಫಾಸ್ಟ್ಯಾಗ್ ಅನ್ನು ರದ್ದುಪಡಿಸದಿದ್ದರೆ ಹೊಸ ಮಾಲೀಕರ ಪ್ರಯಾಣದ ಸುಂಕ ಹಳೆಯವರ ಖಾತೆಯಿಂದಲೇ ಕಡಿತವಾಗುತ್ತದೆ.

ಅಧಿಕೃತ ವಿತರಕರು

ಬಳಸಿದ ವಾಹನಗಳ ವಿತರಕರಿಗೆ ಅಧಿಕಾರಪತ್ರ ನೀಡುವ ವ್ಯವಸ್ಥೆಯನ್ನು ಕೇಂದ್ರ ಸರ್ಕಾರವು 2022ರ ಡಿಸೆಂಬರ್‌ನಲ್ಲಿ ಅಧಿಸೂಚಿಸಿತು. ಅದು 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅಧಿಕೃತ ವಿತರಕರಿಗೆ ವಾಹನ ಒಪ್ಪಿಸಿದ ಸೂಚನೆಯನ್ನು ನಮೂನೆ 29ಸಿ ಮೂಲಕ ಆನ್‌ಲೈನ್‌ನಲ್ಲಿ ಸಲ್ಲಿಸಿದರೆ, ಮುಂದಿನ ಮಾರಾಟದವರೆಗೆ ವಿತರಕರನ್ನೇ ಮಾಲೀಕರೆಂದು ಭಾವಿಸಲಾಗುತ್ತದೆ. ಅಧಿಕಾರಪತ್ರವಿಲ್ಲದ ದಲ್ಲಾಳಿಗೆ ಮಾರಿದವರಿಗೆ ಈ ರಕ್ಷಣೆ ದೊರೆಯುವುದಿಲ್ಲ.